ಜೂನ್ ಒಂದರ ಅಬ್ರಹಾಂ

ಹಣೆಬರಹ ಬರೆಯುವವನು ಬ್ರಹ್ಮ. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಹುಟ್ಟಿದ ತಾರೀಖು ಬರೆಯುವ ಖಾತೆಯನ್ನು ಅವನು ಎಂದೋ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಬಿಟ್ಟುಕೊಟ್ಟಿದ್ದ. ಶಿಗ್ಗಾವಿ ತಾಲೂಕಿನ ತಡಸದ ಸುತ್ತಮುತ್ತ 38 ವರ್ಷ ಆ ಖಾತೆ ಸಂಭಾಳಿಸಿದವರಲ್ಲಿ ನಾನೂ ಒಬ್ಬ. ನನ್ನ ಟಾಕಿನಿಂದ ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಜನ ಈಗ ಅಜ್ಜಂದಿರಾಗಿದ್ದಾರೆ. ಅವರೆಲ್ಲರ ಹುಟ್ಟುಹಬ್ಬ ಒಂದೇ ದಿನ. ಜೂನ್ 1.

ಬೇರೆ ತಾರೀಖುಗಳು ನನಗೆ ಬರುತ್ತಿರಲಿಲ್ಲ ಎಂದು ತಿಳಿಯಬೇಡಿ. ಜೂನ್ 1ಕ್ಕೆ ಸಾಲಿ ಶುರು. ಅವತ್ತಿಗೆ ಮಗುವಿನ ವಯಸ್ಸು ತುಂಬಿರಬೇಕು. ತಂದೆ ಹುಡುಗನ ರಟ್ಟೆ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದ.

"ಯಾವಾಗ ಹುಟ್ಟ್ಯಾನಪಾ ಇಂವಾ?"

"ಹಳ್ಳ ಬಂದು ದಂಡೀ ಹೊಲಾ ಎಲ್ಲಾ ಕೊಚ್ಚಿಕೊಂಡು ಹೋತಲ್ರಿ ಸರ, ಆ ವರ್ಷಾರಿ. ನಮ್ಮ ಕೆಂದಾಕಳ ಈದ ಮರುದಿನ."

ಆಕಳು ಈದದ್ದು ಯಾವಾಗ ಎಂದು ಕೇಳಿದರೆ ವಾರ, ಹೊತ್ತು, ಕರುವಿನ ಬಣ್ಣ ಎಲ್ಲ ಹೇಳುತ್ತಿದ್ದ. ಮನೆಯ ಇತಿಹಾಸದಲ್ಲಿ ಆಕಳದು ಮುಖ್ಯ ಅಧ್ಯಾಯ, ಮಗನದು ಅಡಿಟಿಪ್ಪಣಿ. ನಾನು ಹುಡುಗನಿಗೆ "ಬಲಗೈ ನೆತ್ತಿ ಮ್ಯಾಲಿಂದ ಹಾಸಿ ಎಡಗಿವಿ ಹಿಡಿ" ಅನ್ನುತ್ತಿದ್ದೆ. ಕಿವಿ ಸಿಕ್ಕರೆ ಆರು ವರ್ಷ. ಸಿಗದಿದ್ದರೆ ತಂದೆಯ ಮುಖ ನೋಡಿ, "ಕುತಗಿ ಸ್ವಲ್ಪ ಬಗ್ಗಿಸು" ಅನ್ನುತ್ತಿದ್ದೆ. ಸಿಗುತ್ತಿತ್ತು. ಬರೆಯುತ್ತಿದ್ದೆ: ಜೂನ್ 1.

ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತಲ್ಲ ಎಂದು ಕಾನೂನು ಬಲ್ಲವರು ಕೇಳಬಹುದು. ಬಂದಿತ್ತು, ದಿಲ್ಲಿಗೆ. ಅದು ಅಲ್ಲಿಂದ ಹೊರಟು, ತಡಸ ಕ್ರಾಸಿನಲ್ಲಿ ಇಳಿದು, ಊರೊಳಗೆ ಬರುವ ಬಸ್ಸಿಗೆ ಕಾಯುತ್ತ ನಿಂತಲ್ಲೇ ಒಂದು ತಲೆಮಾರು ಸಾಲಿ ಮುಗಿಸಿತು. ಈಗ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಆಧಾರ. ಮಾಸ್ತರರ ಟಾಕು ಒಣಗಿತು. ಇನ್ನು ಮುಂದೆ ಮಕ್ಕಳು ತಾವು ಹುಟ್ಟಿದ ದಿನವೇ ಹುಟ್ಟಬೇಕು.

ನಮ್ಮ ಕೈಬರಹದ ಫಲ ನೋಡಬೇಕೆಂದರೆ ಮೇ 31ರಂದು ಯಾವುದೇ ಸರಕಾರಿ ಕಚೇರಿಗೆ ಹೋಗಿ. ತಿಂಗಳ ಮೊದಲ ದಿನ ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕು. ಹಾಗಾಗಿ ಅವತ್ತು ಹಾರ, ಶಾಲು, ಹಣ್ಣಿನ ಬುಟ್ಟಿಗೆ ಬರಗಾಲ. ಮಾರನೆಯ ದಿನ ಫೇಸ್‌ಬುಕ್ಕಿನಲ್ಲಿ ಅದೇ ಜನರಿಗೆ ಹುಟ್ಟುಹಬ್ಬದ ಶುಭಾಶಯಗಳ ಮಳೆ. ನನ್ನ ಹುಟ್ಟುಹಬ್ಬವೂ ಅದೇ. ನನಗೂ ಒಬ್ಬ ಮಾಸ್ತರರಿದ್ದರು. ಅವರು ಕೊಟ್ಟ 1949ರ ಜೂನ್ 1ರ ಪ್ರಕಾರ 2009ರ ಮೇ 31ರಂದು ಮನೆಗೆ ಬಂದೆ.

ಇದು ಬಡವರ ಪಾಡು ಮಾತ್ರ ಎಂದುಕೊಳ್ಳಬೇಡಿ. ಸಿದ್ದರಾಮಯ್ಯನವರೂ ತಮ್ಮ ಹುಟ್ಟಿದ ದಿನ ತಮಗೆ ಗೊತ್ತಿಲ್ಲ, ಮೇಷ್ಟ್ರು ಬರೆಸಿದ್ದೇ ತಾರೀಖು ಎಂದು ಹೇಳಿಕೊಂಡವರು. ಆ ತಾರೀಖನ್ನೇ ನಂಬಿ 2022ರ ಆಗಸ್ಟ್ 3ರಂದು ದಾವಣಗೆರೆಯಲ್ಲಿ 75ನೇ ವರ್ಷದ ಉತ್ಸವ ನಡೆಯಿತು. ಸುರಿಯುವ ಆಗಸ್ಟಿನಲ್ಲಿ ಇಟ್ಟ ಆ ಮೇಷ್ಟ್ರಿಗೆ ಮುಂದಾಲೋಚನೆ ಸಾಲದು. ನಮ್ಮ ಸೀಮೆಯ ಮಾಸ್ತರಾಗಿದ್ದರೆ ಮಳೆ ಹಿಡಿಯುವುದರೊಳಗೆ ಮುಗಿಸಿ ಕೊಡುತ್ತಿದ್ದರು.

ಇಷ್ಟು ಹೇಳಿದ್ದು ನನ್ನ ಮಗನ ವಿಷಯಕ್ಕೆ ಬರಲು. ಅವನು ಹುಟ್ಟಿದ್ದು 1975ರಲ್ಲಿ, ಸವಣೂರ ತಾಲೂಕಿನ ತಾಯಿಯ ತವರಲ್ಲಿ. ಎಮರ್ಜೆನ್ಸಿಯ ಕಾಲ. ತಲಾಟಿಗೆ ಬೇರೆ ಕೆಲಸಗಳಿದ್ದವು, ನನಗೆ ರಜೆ ಇರಲಿಲ್ಲ, ನೋಂದಣಿ ಆಗಲಿಲ್ಲ. 1981ರ ಜೂನ್‌ನಲ್ಲಿ ಸಾಲಿಗೆ ಹಾಕುವಾಗ ಐದು ತಿಂಗಳು ವಯಸ್ಸು ಸಾಲದೆ ಬಂತು. ಊರಿನ ಮಕ್ಕಳ ಕುತ್ತಿಗೆ ಬಗ್ಗಿಸಿದ ಕೈಗೆ ಸ್ವಂತ ಮಗನ ಕುತ್ತಿಗೆ ಭಾರವೇ? ಬರೆದೆ. ಆ ಒಂದು ಗೆರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹೋಯಿತು, ಅಲ್ಲಿಂದ ಪಾಸ್‌ಪೋರ್ಟಿಗೆ, ಅಲ್ಲಿಂದ ನೆದರ್‌ಲ್ಯಾಂಡ್ಸ್ ಸರಕಾರದ ಕಂಪ್ಯೂಟರಿಗೆ. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ವೀಸಾ ಇದ್ದರೆ ಕಾಲು ಯಾಕೆ ಬೇಕು?

2025ರ ಏಪ್ರಿಲ್‌ನಲ್ಲಿ ನಾನೂ ನಮ್ಮ ಮನೆಯಾಕೆಯೂ ಮೂರು ತಿಂಗಳ ಮಟ್ಟಿಗೆ ಅವನ ಮನೆಗೆ ಹೋದೆವು. ಆಮ್‌ಸ್ಟರ್‌ಡ್ಯಾಮಿಗೆ ಅಂಟಿಕೊಂಡ ಆಮ್‌ಸ್ಟೆಲ್‌ವೇನ್. ಭಾರತದ ಸಾಫ್ಟ್‌ವೇರ್ ಮಂದಿ ಅಲ್ಲಿ ಎಷ್ಟು ನೆರೆದಿದ್ದಾರೆಂದರೆ ಕರಿಬೇವಿಗೂ ಬೆಂಡೆಕಾಯಿಗೂ ಪರದೇಶದ ಅಂಜಿಕೆ ಹೋಗಿಬಿಟ್ಟಿದೆ. ವಿಮಾನ ನಿಲ್ದಾಣದ ಅಧಿಕಾರಿ ನಮ್ಮ ಪಾಸ್‌ಪೋರ್ಟುಗಳನ್ನು ಎರಡು ಸಲ ತಿರುವಿದ. ನನ್ನದು ಜೂನ್ 1. ನಮ್ಮಾಕೆಯದು ಜನವರಿ 1. ಆಧಾರ್ ಮಾಡಿಸುವಾಗ ತಾರೀಖು ಗೊತ್ತಿಲ್ಲದೆ ವಯಸ್ಸಷ್ಟೇ ಹೇಳಿದವರಿಗೆ ಕಂಪ್ಯೂಟರು ದಯಪಾಲಿಸುವ ದಿನ ಅದು. ಸಾಲಿ ಕಂಡವರಿಗೆ ಮಾಸ್ತರ, ಕಾಣದವರಿಗೆ ಕಂಪ್ಯೂಟರ್. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ತಿಂಗಳ ಮೊದಲ ದಿನವೇ ಹುಟ್ಟಿದವರು, ಪಗಾರದ ಹಾಗೆ.

ಮಗ 15 ವರ್ಷದಿಂದ ಅಲ್ಲಿದ್ದಾನೆ. ಹೊಸದಾಗಿ ಲಿಂಗ ಕಟ್ಟಿಸಿಕೊಂಡವನಿಗೆ ಆಚಾರ ಹೆಚ್ಚು ಎಂಬಂತೆ ಡಚ್ಚರಿಗಿಂತ ಹೆಚ್ಚು ಡಚ್ಚನಾಗಿದ್ದಾನೆ. ಬಂದ ದಿನವೇ ಪಾಠ ಶುರು ಮಾಡಿದ. "ಅಪ್ಪಾ, ಇಲ್ಲಿ ಎಲ್ಲಾ ನೆಟ್ಟಗ. ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ. ಹೊತ್ತು ಅಂದ್ರ ಹೊತ್ತು, ತಾರೀಖು ಅಂದ್ರ ತಾರೀಖು. ನಮ್ಮಂಗ ಅಡ್ಜಸ್ಟ್ ಇಲ್ಲ." ತಾರೀಖು ಎಂಬ ಮಾತು ಬಂದಾಗ ನಾನು ಕಿಟಕಿಯ ಹೊರಗೆ ನೋಡಿದೆ.

ಅವರ ಮನೆಯ ಪಾಯಿಖಾನೆ ಮೆಟ್ಟಿಲ ಕೆಳಗಿನ ಒಂದು ಗೂಡು. ಒಳಗೆ ಕೂತರೆ ಮೊಳಕಾಲಿಗೆ ಬಾಗಿಲು ಬಡಿಯುತ್ತದೆ. ಬಾಗಿಲ ಮೇಲೆ, ಸರಿಯಾಗಿ ಕಣ್ಣಿಗೆದುರಾಗಿ ಒಂದು ಕ್ಯಾಲೆಂಡರು. ಅದರಲ್ಲಿ ವರ್ಷವಿಲ್ಲ, ವಾರವಿಲ್ಲ, ಬರೀ ತಿಂಗಳು ಮತ್ತು ತಾರೀಖು, ಮುಂದೆ ಗೆರೆ. ಗೆರೆಯ ಮೇಲೆ ಬಂಧುಬಳಗದ ಹೆಸರುಗಳು. ಅದು ಹುಟ್ಟುಹಬ್ಬದ ಕ್ಯಾಲೆಂಡರಂತೆ. ವರ್ಷ ಬದಲಾದರೂ ಅದೇ ನಡೆಯುತ್ತದೆ. ದಿನಕ್ಕೊಂದು ಸಲವಾದರೂ ಎಲ್ಲರೂ ಅಲ್ಲಿ ಸುಮ್ಮನೆ ಕೂರಲೇಬೇಕಾದ್ದರಿಂದ ಯಾರ ಹುಟ್ಟುಹಬ್ಬವೂ ಮರೆಯುವುದಿಲ್ಲ. ಯುಕ್ತಿ ಒಪ್ಪತಕ್ಕದ್ದೇ. ಆದರೆ ನಾವು ಹಿರಿಯರ ಹೆಸರು ಹೇಳುವ ಮುಂಚೆ ಕೈಕಾಲು ತೊಳೆದುಕೊಳ್ಳುವ ಜನ. ಇಲ್ಲಿ ನೋಡಿದರೆ ಜೂನ್ 1ರ ಗೆರೆಯ ಮೇಲೆ ನನ್ನ ಹೆಸರೇ ಕೂತಿತ್ತು.

"ಏನೋ ಇದು, ನಿಮ್ಮಪ್ಪನ್ನ ಪಾಯಿಖಾನ್ಯಾಗ ಬರದೀಯಲ್ಲೋ?"

"ಅಪ್ಪಾ, ಇಲ್ಲಿ ಅದು ಮರ್ಯಾದಿ ಜಾಗಾ."

ಏಪ್ರಿಲ್ 26ರ ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಬೀದಿ ತುಂಬ ಕೇಸರಿ. ಅಂಗಿ ಕೇಸರಿ, ಟೊಪ್ಪಿಗೆ ಕೇಸರಿ, ಒಬ್ಬನ ಮೀಸೆಯೂ ಕೇಸರಿ. ನಮ್ಮವರ ಮೆರವಣಿಗೆ ಇಲ್ಲಿಗೂ ಬಂತೇ ಎಂದು ನಾನು ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಸೊಸೆ ನಕ್ಕಳು. "ಮಾವಾರ, ಇವತ್ತ ಇಲ್ಲಿ ರಾಜನ ಹುಟ್ಟುಹಬ್ಬರಿ. ಕಿಂಗ್ಸ್ ಡೇ." ಆ ದಿನ ಜನ ಮನೆಯ ಹಳೇ ಪಾತ್ರೆ, ಬೂಟು, ಆಟಿಗೆ ಸಾಮಾನನ್ನೆಲ್ಲ ಬೀದಿಗೆ ತಂದು ಚಾದರ ಹಾಸಿ ಮಾರುತ್ತಾರೆ. ರಾಜನ ಹೆಸರಿನಲ್ಲಿ ದೇಶವೇ ಒಂದು ಸಂತೆ. ನಮ್ಮಲ್ಲಿ ದೊರೆಯ ಹುಟ್ಟುಹಬ್ಬವೆಂದರೆ ಕ್ರೇನಿಗೆ ಸೇಬಿನ ಹಾರ ತೂಗಿಹಾಕುವುದು, ತಲವಾರಿನಲ್ಲಿ ಕೇಕು ಕತ್ತರಿಸಿ ಆಮೇಲೆ ಠಾಣೆಗೆ ಹೋಗುವುದು. ಇಲ್ಲಿಯವರು ಅಟ್ಟ ಖಾಲಿ ಮಾಡುತ್ತಾರೆ.

"ಹಂಗಾರ ರಾಜಾ ಹುಟ್ಟಿದ್ದು ಏಪ್ರಿಲ್ 26ಕ್ಕ?" ಎಂದೆ.

"ಇಲ್ರಿ, 27ಕ್ಕ. ಈ ಸಲ 27 ರವಿವಾರ ಬಂತಲ್ರಿ, ಅದಕ್ಕ ಒಂದ ದಿನ ಹಿಂದ ಸರಿಸ್ಯಾರ."

ನನ್ನ ಕಿವಿ ನೆಟ್ಟಗಾದವು, ಕೈಯನ್ನು ನೆತ್ತಿಯ ಮೇಲಿಂದ ಹಾಯಿಸುವ ಅಗತ್ಯವಿಲ್ಲದೆ. ಕೂತು ವಿಚಾರಿಸಿಕೊಂಡೆ. ರಾಜ ವಿಲ್ಲೆಮ್ ಅಲೆಕ್ಸಾಂಡರ್ 1967ರ ಏಪ್ರಿಲ್ 27ರಂದು ಹುಟ್ಟಿದವನು. 2014ರಲ್ಲಿ ಮೊಟ್ಟಮೊದಲ ಕಿಂಗ್ಸ್ ಡೇ ಬಂದಾಗಲೂ 27 ಭಾನುವಾರವೇ ಆಗಿತ್ತು. ಅದನ್ನೂ 26ಕ್ಕೆ ಮಾಡಿದರು. ಎಂದರೆ ಶುರುವಾದದ್ದೇ ತಪ್ಪು ತಾರೀಖಿನಿಂದ! ಅವನ ತಾಯಿ ಬೇಯಾಟ್ರಿಕ್ಸ್ ರಾಣಿಯದು ಇನ್ನೂ ಚೆಂದ. ಆಕೆ ಹುಟ್ಟಿದ್ದು 1938ರ ಜನವರಿ 31ರಂದು. 1980ರಿಂದ 2013ರವರೆಗೆ ಆಳಿದ ಆಕೆಯ ಹುಟ್ಟುಹಬ್ಬವನ್ನು ದೇಶ ಆಚರಿಸಿದ್ದು ಏಪ್ರಿಲ್ 30ರಂದು. ಅದು ಆಕೆಯ ತಾಯಿ ಯೂಲಿಯಾನಾ ರಾಣಿಯ ಹುಟ್ಟುಹಬ್ಬ. ತಾಯಿಯ ಮೇಲಿನ ಗೌರವ ಎಂಬುದು ಒಂದು ಕಾರಣ. ಜನವರಿಯ ಚಳಿಯಲ್ಲಿ ಬೀದಿಯಲ್ಲಿ ಹಬ್ಬ ಮಾಡಲಾಗದು ಎಂಬುದು ಇನ್ನೊಂದು.

ಅಂದರೆ ಏನಾಯಿತು? ಹವಾಮಾನ ನೋಡಿ ರಾಣಿಯ ಹುಟ್ಟುಹಬ್ಬ ಸರಿಸಿದರು. ಸಾಲಿಯ ಗಂಟೆ ನೋಡಿ ನಾನು ಮಗನದನ್ನು ಸರಿಸಿದೆ. ಹಾಲೆಂಡಿನ ಅರಮನೆಯೂ ತಡಸದ ಸಾಲಿಯೂ ಒಂದೇ ಪಂಕ್ತಿಯಲ್ಲಿ ಕೂತವು. ಅಂದಿನಿಂದ ನಾನು ಪಾಯಿಖಾನೆಯ ಕ್ಯಾಲೆಂಡರನ್ನು ಧೈರ್ಯವಾಗಿ ದಿಟ್ಟಿಸತೊಡಗಿದೆ.

ಜೂನ್ 1 ಬಂತು. ರವಿವಾರ. ಕಾಗದದ ಪ್ರಕಾರ ಮಗನಿಗೆ 50. ಬೆಳಿಗ್ಗೆ ಅಂಗಳಕ್ಕೆ ಹೋದ ನಮ್ಮಾಕೆ ಚೀರಿಕೊಂಡು ಒಳಗೆ ಬಂದಳು.

"ಏನ್ರಿ, ಬಾಗಲದಾಗ ಯಾರೋ ಮುದುಕ ಸತ್ತ ಕುಂತಾನ್ರಿ!"

ಹೋಗಿ ನೋಡಿದರೆ ಆಳೆತ್ತರದ ಬೊಂಬೆ. ಹಳೇ ಕೋಟು, ಹತ್ತಿಯ ಬಿಳಿಗಡ್ಡ, ಹೊಟ್ಟೆಯಲ್ಲಿ ಹುಲ್ಲೋ ಅರಿವೆಯೋ ತುರುಕಿದ್ದಾರೆ, ಕೊರಳಲ್ಲಿ 50 ಎಂದು ಬರೆದ ಹಲಗೆ. ನಮ್ಮ ಗೋವಿನಜೋಳದ ಹೊಲದ ಬೆದರುಗೊಂಬೆ ರಿಟೈರ್ ಆಗಿ ಯುರೋಪಿಗೆ ಬಂದಂತಿತ್ತು. ಬಾಜೂ ಮನೆಯ ಡಚ್ ಅಜ್ಜಿ ರಾತ್ರೋರಾತ್ರಿ ತಂದು ಕೂರಿಸಿದ್ದರಂತೆ. ಇವನ ಹೆಸರು ಅಬ್ರಹಾಂ. ಬೈಬಲಿನ ಯೋಹಾನನ ಸುವಾರ್ತೆಯಲ್ಲಿ, ನಿನಗಿನ್ನೂ ಐವತ್ತಾಗಿಲ್ಲ, ನೀನು ಅಬ್ರಹಾಮನನ್ನು ಕಂಡಿದ್ದೀಯಾ ಎಂದು ಜನ ಏಸುವನ್ನು ಕೇಳುವ ಪ್ರಸಂಗವಿದೆ. ಅದನ್ನು ಹಿಡಿದುಕೊಂಡು ಡಚ್ಚರು ಐವತ್ತು ತುಂಬಿದ ಗಂಡಸು ಅಬ್ರಹಾಮನನ್ನು ಕಂಡ, ಹೆಂಗಸು ಸಾರಾಳನ್ನು ಕಂಡಳು ಅನ್ನುತ್ತಾರೆ. ಕಂಡೇ ಬಿಡಲಿ ಎಂದು ಬಾಗಿಲಿಗೇ ತಂದು ಕೂರಿಸುತ್ತಾರೆ.

"ಖರೇ ಐವತ್ತು ತುಂಬಿದವರಿಗಷ್ಟ ಕೂಡಸ್ತಾರ" ಎಂದು ಮಗ ಹೆಮ್ಮೆಯಿಂದ ವಿವರಿಸಿದ. ನಮ್ಮಾಕೆ ನನ್ನ ಮುಖ ನೋಡಿದಳು. ನಾನು ಅಬ್ರಹಾಮನ ಮುಖ ನೋಡಿದೆ.

ಮಧ್ಯಾಹ್ನ ಪಾರ್ಟಿ. ಕರೆಯೋಲೆಯಲ್ಲಿ ಬರುವ ಹೊತ್ತು 2 ಗಂಟೆ ಎಂದಿತ್ತು. ಅದರ ಪಕ್ಕದಲ್ಲೇ ಹೋಗುವ ಹೊತ್ತು 5 ಗಂಟೆ ಎಂದೂ ಇತ್ತು. ಬರ್ರಿ ಎಂಬ ಮಾತಿನ ಬೆನ್ನಿಗೇ ಹೋಗ್ರಿ ಎಂಬುದನ್ನು ಅಚ್ಚು ಹಾಕಿಸಿದ ಆಮಂತ್ರಣವನ್ನು ನಾನು ನನ್ನ ಜನ್ಮದಲ್ಲಿ ಓದಿರಲಿಲ್ಲ. ಮಗ ಕೋಣೆಯ ನಾಲ್ಕೂ ಗೋಡೆಗೆ ಕುರ್ಚಿ ಆನಿಸಿ ದುಂಡಗೆ ಇಟ್ಟ. ನಡುವೆ ಖಾಲಿ. ಪಂಚಾಯ್ತಿಗೆ ಕರೆದಂತಿತ್ತು, ಅಪರಾಧಿ ಮಾತ್ರ ಇನ್ನೂ ಬಂದಿರಲಿಲ್ಲ. ಅಥವಾ ಬಂದು ಕುರ್ಚಿಯಲ್ಲೇ ಕೂತಿದ್ದ.

ಬಂದವರು ಮೊದಲು ಮಗನ ಕೈ ಕುಲುಕಿದರು. ಅಲ್ಲಿಗೆ ಮುಗಿಯಲಿಲ್ಲ. ಸೊಸೆಯ ಹತ್ತಿರ ಹೋಗಿ, ನಿನ್ನ ಗಂಡನಿಗಾಗಿ ನಿನಗೆ ಅಭಿನಂದನೆ. ಮೊಮ್ಮಗಳಿಗೆ, ನಿನ್ನ ಅಪ್ಪನಿಗಾಗಿ. ನಮಗೆ, ನಿಮ್ಮ ಮಗನಿಗಾಗಿ. ಬಾಜೂ ಮನೆಯ ಅಜ್ಜಿಗೆ, ನಿಮ್ಮ ನೆರೆಯವನಿಗಾಗಿ! ಆ ಅಭಿನಂದನೆಯ ಶಬ್ದ ಖೆಫೆಲಿಸಿಟೇರ್ಟ್ ಎಂದು ಗಂಟಲಾಳದಿಂದ ಹೊರಡುತ್ತದೆ. ಮೊದಲ ಸಲ ಕೇಳಿದಾಗ ನಮ್ಮಾಕೆ, "ಪಾಪ, ಕಫಾ ಕಟ್ಟೇತಿ, ಶುಂಠಿ ಕಷಾಯ ಮಾಡ್ಲೇನು?" ಅಂದಳು. ಒಬ್ಬಾಕೆ ನನ್ನ ಕೆನ್ನೆಗೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಮೂರು ಮುತ್ತು ಕೊಟ್ಟರು. ಪದ್ಧತಿಯಂತೆ. ನಮ್ಮಾಕೆ ಕಷಾಯದ ಮಾತು ಅಲ್ಲಿಗೇ ಬಿಟ್ಟಳು.

ಕೂತಲ್ಲಿ ಲೆಕ್ಕ ಹಾಕಿದೆ, ಗಣಿತದ ಮಾಸ್ತರನಲ್ಲವೇ. 20 ಜನ. ಪ್ರತಿಯೊಬ್ಬರೂ ಉಳಿದ 19 ಜನರಿಗೆ ಹೇಳಬೇಕು. ಒಟ್ಟು 380 ಅಭಿನಂದನೆ. ಕೇಕು 20 ತುಂಡು. ತಲೆಗೆ 19 ಅಭಿನಂದನೆಗೆ ಒಂದು ತುಂಡು ಕೇಕಿನ ದರ. ಮಗ ಆ ಸೇಬಿನ ಕೇಕನ್ನು ಹೊಲ ಪಾಲು ಮಾಡುವ ಸರ್ವೇಯರನ ಹಾಗೆ ಅಳೆದು ಕೊಯ್ದ. ಒಬ್ಬರಿಗೆ ಒಂದು. ಆಮೇಲೆ ಒಂದು ಕಪ್ಪು ಕಾಫಿ. ಆಮೇಲೆ ಬಿಸ್ಕೀಟಿನ ಡಬ್ಬಿ ಒಂದು ಸುತ್ತು ಬಂದು, ಟಪ್ಪನೆ ಮುಚ್ಚಿಕೊಂಡು ಕಪಾಟಿಗೆ ಹೋಯಿತು.

ಈ ಜಿಗುಟುತನವನ್ನು ಡಚ್ಚರು ಮುಚ್ಚಿಡುವುದಿಲ್ಲ, ಕಥೆ ಕಟ್ಟಿ ಹೇಳಿಕೊಳ್ಳುತ್ತಾರೆ. ಎರಡನೇ ಮಹಾಯುದ್ಧದ ನಂತರ ವಿಲ್ಲೆಮ್ ದ್ರೇಸ್ ಅವರ ಪ್ರಧಾನಿ. ಅಮೆರಿಕದ ಮಾರ್ಷಲ್ ನೆರವಿನ ಮಾತಿಗೆ ಬಂದ ಅಧಿಕಾರಿಗಳನ್ನು ದ್ರೇಸ್ ಮನೆಗೆ ಕರೆದರಂತೆ. ಅವರ ಹೆಂಡತಿ ಒಂದು ಕಪ್ಪು ಚಹಾ, ಜೊತೆಗೆ ಒಂದೇ ಒಂದು ಸಪ್ಪನೆಯ ಮಾರಿ ಬಿಸ್ಕೀಟು ಕೊಟ್ಟರಂತೆ. ಇಷ್ಟು ಹಿಡಿತದ ದೇಶಕ್ಕೆ ಕೊಟ್ಟ ದುಡ್ಡು ಪೋಲಾಗದು ಎಂದು ಅಮೆರಿಕದವರು ನೆರವು ಕೊಟ್ಟರಂತೆ. ಕಥೆ ನಿಜವೋ ಸುಳ್ಳೋ, ಆ ಒಂದು ಬಿಸ್ಕೀಟಿನ ಮೇಲೆ ಒಂದು ದೇಶ ಎದ್ದು ನಿಂತಿದೆ. ನಮ್ಮ ಮನೆಗೆ ಆ ಅಧಿಕಾರಿಗಳು ಬಂದಿದ್ದರೆ ಉಪ್ಪಿಟ್ಟು, ಶೀರಾ, ಮಿರ್ಚಿ, ಗಿರ್ಮಿಟ್ ತಿಂದು, ಇವರಿಗೆ ನೆರವಿನ ಅಗತ್ಯವೇನೂ ಕಾಣುವುದಿಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದರು. 17ನೇ ಶತಮಾನದಲ್ಲಿ ಇದೇ ಡಚ್ಚರು ನಮ್ಮ ಬಸರೂರಿನ ಬಂದರಿನಿಂದ ಅಕ್ಕಿ ಒಯ್ಯುತ್ತಿದ್ದರು. ಅಕ್ಕಿ ಒಯ್ದರು, ಬಡಿಸುವುದನ್ನು ಒಯ್ಯಲಿಲ್ಲ.

ನಮ್ಮಾಕೆ ಶೇಂಗಾ ಹೋಳಿಗೆಯ ತಾಟು ಹಿಡಿದು ಎದ್ದಳು. ಒಬ್ಬ ಡಚ್ಚ ಒಂದು ತಿಂದ. ಇನ್ನೊಂದು ಎಂದಳು. ಬೇಡ ಎಂದ. ನಮ್ಮ ಸೀಮೆಯಲ್ಲಿ ಮೊದಲ ಬ್ಯಾಡ ಎಂದರೆ ಸಂಕೋಚ, ಎರಡನೇ ಬ್ಯಾಡ ಎಂದರೆ ಸಂಸ್ಕಾರ, ಮೂರನೇ ಬ್ಯಾಡ ಎಂದರೆ ಎರಡು ಹಾಕಿ ಎಂದರ್ಥ. ಅವನ ಬೇಡಕ್ಕೆ ಬೇಡ ಎಂದಷ್ಟೇ ಅರ್ಥ. ನಮ್ಮಾಕೆ ಹೋಳಿಗೆಯನ್ನು ಅವನ ತಾಟಿನ ಮೇಲೆ ಹಿಡಿದೇ ನಿಂತಳು, ಅವನು ತಾಟನ್ನು ಹಿಂದಕ್ಕೆ ಎಳೆದುಕೊಂಡೇ ಕೂತ. ಕಡೆಗೆ ಮಗ ನಡುವೆ ಬಂದು ತಾಯಿಯ ಕೈಯಿಂದ ತಾಟು ಇಸಿದುಕೊಂಡು ಅಡುಗೆಮನೆಗೆ ಒಯ್ದ. ಆಕೆಗೆ ಆದ ಅವಮಾನ ನಾನು ಇಲ್ಲಿ ಬರೆಯುವುದಿಲ್ಲ. ಓದಿದರೆ ಇನ್ನೊಂದು ಅವಮಾನ.

ನಿಜವಾಗಿ ಸಿಕ್ಕಿಬಿದ್ದವರು ನಮ್ಮವರು. ನಾಲ್ಕು ಕನ್ನಡದ ಜೋಡಿಗಳು ಬಂದಿದ್ದವು. ಬಾಜೂ ಮನೆಯ ಅಜ್ಜಿ ಸಹಾಯಕ್ಕೆಂದು ಚೀಸಿನ ತಟ್ಟೆ ಹಿಡಿದು ಅವರ ಮುಂದೆ ಬಂದಾಗ, ರೂಢಿಯಂತೆ "ಬೇಡ, ಬೇಡ" ಅಂದರು. ಅಜ್ಜಿ ಮಾತಿಗೆ ಬೆಲೆ ಕೊಟ್ಟು ಮುಂದೆ ಹೋದರು. ಎಂಟೂ ಜನರ ಕಣ್ಣು ತಟ್ಟೆಯ ಹಿಂದೆ ಹೋದವು. ಸ್ವಲ್ಪ ಹೊತ್ತಿಗೆ ಒಬ್ಬರ ಹಿಂದೊಬ್ಬರು ಮೆಟ್ಟಿಲ ಸಂದಿಗೆ ಬಂದು ನಮ್ಮಾಕೆಯನ್ನು ಪಿಸುಮಾತಿನಲ್ಲಿ ಕೇಳಿದರು: "ಅಮ್ಮಾರ, ಸವಣೂರ ಖಾರಾ ಏನರ ತಂದೀರೇನ್ರಿ?" ತಂದಿದ್ದಳು. ಎರಡು ಕಿಲೊ. ಪಾಯಿಖಾನೆಯ ಬಾಗಿಲ ಮುಂದೆ ನಿಂತು, ಸದ್ದಾಗದಂತೆ ಖಾರಾ ತಿನ್ನುವ ಸಾಹಸ ನಡೆಯಿತು.

ಅದೇ ಹೊತ್ತಿಗೆ ನನ್ನ ಫೋನಿಗೆ ತಡಸದಿಂದ ಒಂದು ಫೋಟೊ ಬಂತು. ಹಳೇ ವಿದ್ಯಾರ್ಥಿಗಳು ಕ್ರಾಸಿನಲ್ಲಿ ಫ್ಲೆಕ್ಸ್ ಕಟ್ಟಿಸಿದ್ದರು. 'ತಡಸದ ಹೆಮ್ಮೆಯ ಪುತ್ರನಿಗೆ 50ನೇ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು.' ಕೆಳಗೆ ಶುಭ ಕೋರುವವರ 24 ಮುಖಗಳು, ಎಲ್ಲರೂ ಕರಿ ಕನ್ನಡಕ ಹಾಕಿದವರು, ಇಬ್ಬರು ಫೋನಿನಲ್ಲಿ ಮಾತಾಡುತ್ತಿರುವವರು. ಮೇಲೆ ದೇವರು, ಪಕ್ಕದಲ್ಲಿ ಎರಡೂ ಪಕ್ಷದ ನಾಯಕರು. ಹೆಮ್ಮೆಯ ಪುತ್ರ ಎಲ್ಲಿ ಎಂದು ಹುಡುಕಿದೆ. ಮೂಲೆಯಲ್ಲಿ, ಅಂಚೆಚೀಟಿಯಷ್ಟು. ದುಂಡಗೆ ಕೂತು ತಮಗೆ ತಾವೇ ಅಭಿನಂದಿಸಿಕೊಳ್ಳುವ ಡಚ್ಚರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಹುಟ್ಟಿದವನು ಎರಡೂ ಕಡೆ ನೆಪ. ಅವರು ಅದಕ್ಕೆ ಕುರ್ಚಿ ಹಾಕುತ್ತಾರೆ, ನಾವು ಫ್ಲೆಕ್ಸ್ ಹಾಕುತ್ತೇವೆ.

ಆಗ ಅಜ್ಜಿ ಪೆನ್ನು ತೆಗೆದರು. ತಮ್ಮ ಮನೆಯ ಕ್ಯಾಲೆಂಡರಿಗೆ ಬರೆದುಕೊಳ್ಳಬೇಕು, ನಿಮ್ಮೆಲ್ಲರ ಹುಟ್ಟುಹಬ್ಬ ಹೇಳಿ ಎಂದು ಕನ್ನಡದವರ ಕಡೆ ತಿರುಗಿದರು. ಬಾಗಲಕೋಟೆ ಕಡೆಯವನೊಬ್ಬ, ಜೂನ್ 1. ಹಾಸನದವನು, ಜೂನ್ 1. ನಾನು, ಜೂನ್ 1. ಮಗ ಹೇಗೂ ಜೂನ್ 1. ಅಜ್ಜಿ ಪೆನ್ನು ನಿಲ್ಲಿಸಿ, ಬೆರಳು ಮಡಿಚಿ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರು. ಡಚ್ಚರು ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೇ ಕೇಳುವವರು.

"ಆಗಸ್ಟ್ ಕೊನೆಯ ವಾರದಲ್ಲಿ ನಿಮ್ಮ ದೇಶದಲ್ಲಿ ಏನು ವಿಶೇಷ?"

ಗಣಪತಿ ಹಬ್ಬ ಎಂದು ಬಾಯಿಗೆ ಬಂತು. ಆ ದೇವರಿಗೆ ಈ ಅಪವಾದ ಬೇಡವೆಂದು ನುಂಗಿಕೊಂಡೆ. ನಮ್ಮಾಕೆಗೆ ಸೊಸೆ ಪ್ರಶ್ನೆಯನ್ನು ತಿಳಿಸಿ ಹೇಳಿದಳು. ಹೋಳಿಗೆಯ ತಾಟು ಕಸಿದುಕೊಂಡ ಸಿಟ್ಟು ಇನ್ನೂ ಆಕೆಯ ಮೂಗಿನ ಮೇಲೇ ಇತ್ತು.

"ಆಗಸ್ಟದಾಗ ಏನೂ ಇಲ್ಲ. ಎಲ್ಲಾ ಇವರ ಬರದದ್ದು. ನನ್ನ ಮಗಾ ಹುಟ್ಟಿದ್ದು ಸೀಗೀ ಹುಣ್ಣಿವಿ ದಿನಾ. ಬೆಳಕ ಹರಿಯೂಮುಂದ. ಮನೀ ಮಂದಿ ಎಲ್ಲಾ ಚರಗಾ ಚೆಲ್ಲಾಕ ಹೊಲಕ್ಕ ಹೋಗಿದ್ರು, ಮನ್ಯಾಗ ನಾನು, ನಮ್ಮವ್ವ ಇಬ್ಬರ ಇದ್ದವಿ."

ಸೊಸೆ ಒಂದಕ್ಷರ ಬಿಡದೆ ಡಚ್ಚಿಗೆ ತರ್ಜುಮೆ ಮಾಡಿದಳು. ಆಕೆ ಜನನ ಪ್ರಮಾಣಪತ್ರ ಇರುವ ತಲೆಮಾರಿನವಳು. ದುಂಡು ಕುರ್ಚಿಗಳ ನಡುವಿನ ಖಾಲಿ ಜಾಗಕ್ಕೆ ಅಪರಾಧಿ ಸಿಕ್ಕ. ನಾನು ಬೇಯಾಟ್ರಿಕ್ಸ್ ರಾಣಿಯ ಉದಾಹರಣೆ ಕೊಟ್ಟೆ. ಅಜ್ಜಿ ಒಪ್ಪಲಿಲ್ಲ. "ರಾಣಿ ಜನವರಿಯಲ್ಲಿ ಹುಟ್ಟಿದಳೆಂದು ಇಡೀ ದೇಶಕ್ಕೆ ಗೊತ್ತಿತ್ತು. ಇವನಿಗೆ ಗೊತ್ತಿತ್ತೆ?" ಮಗನ ಮುಖ ನೋಡಿದರೆ ಉತ್ತರ ಬೇಕಿರಲಿಲ್ಲ. ಅಜ್ಜಿ ಎದ್ದು ಅಂಗಳಕ್ಕೆ ನಡೆದರು. ಅಬ್ರಹಾಮನ ಕಂಕುಳಿಗೆ ಕೈ ಹಾಕಿ ಎತ್ತಿಕೊಂಡರು. "ಇನ್ನೂ ನಲವತ್ತೊಂಬತ್ತು. ಐದು ತಿಂಗಳು ಬಿಟ್ಟು ತರುತ್ತೇನೆ."

ಇಡೀ ಕೋಣೆ ಮಗನ ಕಡೆ ನೋಡಿತು. ಹೂಂ ಅಂದರೆ ಹೂಂ, ತಾರೀಖು ಅಂದರೆ ತಾರೀಖು ಎಂದವನು. ಅವನು ಒಂದು ಗಳಿಗೆ ಸುಮ್ಮನಿದ್ದ. ತಲೆಯಲ್ಲಿ ಲೆಕ್ಕ ಓಡುತ್ತಿದ್ದುದು ನನಗೆ ಕಂಡಿತು, ನನ್ನ ಮಗನಲ್ಲವೇ. ಅಲ್ಲಿ ಸರಕಾರಿ ಪಿಂಚಣಿ ಸದ್ಯಕ್ಕೆ 67ಕ್ಕೆ. ಜೂನ್‌ನಲ್ಲಿ ಹುಟ್ಟಿದವನಿಗೆ ಜೂನ್‌ನಲ್ಲಿ, ಅಕ್ಟೋಬರ್‌ನಲ್ಲಿ ಹುಟ್ಟಿದವನಿಗೆ ಅಕ್ಟೋಬರ್‌ನಲ್ಲಿ. ಸತ್ಯ ಒಪ್ಪಿಕೊಂಡರೆ ಐದು ತಿಂಗಳು ಹೆಚ್ಚಿಗೆ ದುಡಿಯಬೇಕು. ಮೇಲೆ ಪಾಸ್‌ಪೋರ್ಟು, ಬ್ಯಾಂಕು, ಮನೆಸಾಲ, ವಿಮೆ ಎಲ್ಲದರಲ್ಲೂ ತಿದ್ದುಪಡಿ.

"ಅಪ್ಪಾ ಬರದದ್ದ ಖರೇ" ಎಂದ ಮಗ. ಆಮೇಲೆ ಡಚ್ಚಿನಲ್ಲಿ ಅಜ್ಜಿಗೆ ಏನೋ ಹೇಳಿ ಅಬ್ರಹಾಮನನ್ನು ಮರಳಿ ಕೂರಿಸಿದ. 38 ವರ್ಷದ ನೌಕರಿಯಲ್ಲಿ ನನ್ನ ಕೈಬರಹಕ್ಕೆ ಇಷ್ಟು ದೊಡ್ಡ ಮರ್ಯಾದೆ ಸಿಕ್ಕಿರಲಿಲ್ಲ. 15 ವರ್ಷದ ಡಚ್ಚತನ ಐದು ತಿಂಗಳ ಪಿಂಚಣಿಯ ಮುಂದೆ ಕುತ್ತಿಗೆ ಬಗ್ಗಿಸಿತು. ಕಿವಿ ಸಿಕ್ಕಿತು.

ಅಜ್ಜಿ ಮಾತ್ರ ನಮ್ಮಾಕೆಯ ಪಕ್ಕ ಬಂದು ಕೂತರು. ಆ ಹುಣ್ಣಿಮೆ ಯಾವ ತಾರೀಖಿಗೆ ಬರುತ್ತದೆ ಎಂದು ಕೇಳಿದರು. ನಾನು ಫೋನಿನಲ್ಲಿ ಪಂಚಾಂಗ ತೆರೆದೆ. 1975ರಲ್ಲಿ ಅಕ್ಟೋಬರ್ 20ಕ್ಕೆ. 2025ರಲ್ಲಿ ಅಕ್ಟೋಬರ್ 7ಕ್ಕೆ. ಮುಂದಿನ ವರ್ಷ ಇನ್ನೊಂದಕ್ಕೆ. ನಮ್ಮ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಜಯಂತಿಯೂ ಹೀಗೆಯೇ ವರ್ಷವರ್ಷ ಜಾಗ ಬದಲಿಸುತ್ತದೆ. ದೊಡ್ಡವರ ಹುಟ್ಟುಹಬ್ಬಕ್ಕೆ ಕಾಲಿರುತ್ತವೆ ಎಂದು ವಿವರಿಸಿದೆ. ಅಜ್ಜಿ ಪೆನ್ನಿನ ಮುಚ್ಚಳ ಹಾಕಿಕೊಂಡರು. ನಡೆದಾಡುವ ಹುಟ್ಟುಹಬ್ಬಕ್ಕೆ ಅವರ ಕ್ಯಾಲೆಂಡರಿನಲ್ಲಿ ಗೆರೆ ಇರಲಿಲ್ಲ. 5 ಗಂಟೆಗೆ ಎಲ್ಲರೂ ಎದ್ದರು.

ನಾವು ಜುಲೈನಲ್ಲಿ ಊರಿಗೆ ಬಂದೆವು. ಸೀಗಿ ಹುಣ್ಣಿಮೆಯ ದಿನ ನಮ್ಮಾಕೆ ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ ಬಂದಳು. ಮಗನ ಫೋನು ಬರಲಿಲ್ಲ. ಮಂಗಳವಾರ, ಅವನಿಗೆ ಆಫೀಸು. ದೀಪಾವಳಿ ಮುಗಿದ ಮೇಲೆ ಒಂದು ದಿನ ಅಂಚೆಯಲ್ಲಿ ಕಾರ್ಡು ಬಂತು. ಹಾಲೆಂಡಿನ ಟಿಕೀಟು. ಅಜ್ಜಿಯದು. ಸೊಸೆಯಿಂದ ವಿಳಾಸ ಇಸಿದುಕೊಂಡಿದ್ದರು. ಕಾರ್ಡು ಮಗನ ಹೆಸರಿಗಲ್ಲ, ನಮ್ಮಾಕೆಯ ಹೆಸರಿಗೆ. ಒಳಗೆ ಒಂದೇ ಸಾಲು: ನಿಮ್ಮ ಮಗನಿಗಾಗಿ ನಿಮಗೆ ಅಭಿನಂದನೆ.

ನಾನು ಓದಿ ಹೇಳಿದೆ. ಆಕೆ ಕಾರ್ಡನ್ನು ಎರಡೂ ಕಡೆ ತಿರುವಿ ನೋಡಿದಳು.

"ಇದನ್ನ ಅವರ ಪದ್ಧತಿ ಪ್ರಕಾರ ಪಾಯಿಖಾನ್ಯಾಗ ಹಾಕಬೇಕೇನ್ರಿ?"

"ಬ್ಯಾಡ, ಜಗಲಿ ಮ್ಯಾಲೆ ಇಡು. ತಾ ಇಲ್ಲೆ, ಹಿಂದ ತಾರೀಖು ಬರದು ಕೊಡ್ತೇನಿ, ನೆನಪಿರ್ತೈತಿ" ಎಂದು ಪೆನ್ನು ತೆಗೆದೆ.

ಆಕೆ ಕಾರ್ಡು ಕೊಡಲಿಲ್ಲ.

"ನೀವು ಬರೀಬ್ಯಾಡ್ರಿ. ನೀವು ಬರದ್ರ ಜೂನ್ ಒಂದ ಆಗತೈತಿ."